ದೊಡ್ಡ ಮನೆಯ ಹಂಗಿಲ್ಲದ ತಂಡ: ಫಾರ್ಗೋ–ಮೂರ್‌ಹೆಡ್ ರೆಡ್‌ಹಾಕ್ಸ್

(ಕ್ರೀಡಾಸಕ್ತರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಬೇಸ್‌ಬಾಲ್ ಎಂದ ಕೂಡಲೇ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು ನ್ಯೂಯಾರ್ಕ್ ಯಾಂಕೀಸ್. ಕ್ರಿಕೆಟ್ ನೋಡುವ ಕಣ್ಣಿಗೆ ಆ ಆಟ ಅರ್ಧ ಅರ್ಥವಾಗುತ್ತದೆ, ಅರ್ಧ ಆಗುವುದಿಲ್ಲ. ಇಂದು ಆಟದ ನಿಯಮಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾನು ಹೇಳಹೊರಟಿರುವುದು ಅಮೆರಿಕದ ಉತ್ತರದ ಅಂಚಿನಲ್ಲಿರುವ ಒಂದು ಊರು ತನ್ನದೇ ತಂಡವೊಂದನ್ನು ಕಟ್ಟಿಕೊಂಡು, ಮೂರು ದಶಕಗಳಿಂದ ಉಳಿಸಿಕೊಂಡು ಬಂದ ಕಥೆ. ತಂಡದ ಹೆಸರು ಫಾರ್ಗೋ–ಮೂರ್‌ಹೆಡ್ ರೆಡ್‌ಹಾಕ್ಸ್.

ಊರು ಎಂದೆ. ನಿಜವಾಗಿ ಅವು ಎರಡು ಊರುಗಳು. ಉತ್ತರಕ್ಕೆ ಹರಿಯುವ ರೆಡ್ ನದಿಯ ಪಶ್ಚಿಮ ದಡದಲ್ಲಿ ಉತ್ತರ ಡಕೋಟಾ ರಾಜ್ಯದ ಫಾರ್ಗೋ, ಪೂರ್ವ ದಡದಲ್ಲಿ ಮಿನೆಸೋಟಾ ರಾಜ್ಯದ ಮೂರ್‌ಹೆಡ್. 1990ರ ಜನಗಣತಿಯಲ್ಲಿ ಫಾರ್ಗೋದ ಜನಸಂಖ್ಯೆ ಸುಮಾರು 74 ಸಾವಿರ. ಸುತ್ತ ಕಣ್ಣು ಹಾಯುವಷ್ಟು ದೂರ ಸಪಾಟಾದ ಹೊಲ. ಜನವರಿಯಲ್ಲಿ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದು ಅಲ್ಲಿ ಮಾಮೂಲು. ಉತ್ತರ ಡಕೋಟಾದಲ್ಲಿ ಬೇಸ್‌ಬಾಲ್ ಆಗಲಿ, ಬ್ಯಾಸ್ಕೆಟ್‌ಬಾಲ್ ಆಗಲಿ, ಅಮೆರಿಕನ್ ಫುಟ್‌ಬಾಲ್ ಆಗಲಿ, ಯಾವ ಆಟದಲ್ಲೂ ಅತ್ಯುನ್ನತ ಮಟ್ಟದ ವೃತ್ತಿಪರ ತಂಡವೊಂದೂ ಇಲ್ಲ. ಬೇಸ್‌ಬಾಲ್‌ನ ದೊಡ್ಡ ತಂಡವನ್ನು ನೋಡಬೇಕಾದರೆ ನಾಲ್ಕು ಗಂಟೆ ಕಾರು ಓಡಿಸಿ ಮಿನಿಯಾಪೊಲಿಸ್‌ಗೆ ಹೋಗಬೇಕು.

ಈ ತಂಡ ಹೇಗೆ ಬೇರೆ ಎಂದು ತಿಳಿಯಲು ಅಮೆರಿಕದ ಬೇಸ್‌ಬಾಲ್ ವ್ಯವಸ್ಥೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ. ಅವುಗಳ ಕೆಳಗೆ, ಮೆಟ್ಟಿಲು ಮೆಟ್ಟಿಲಾಗಿ, ಮೈನರ್ ಲೀಗ್ ತಂಡಗಳಿವೆ. ಬ್ರ್ಯಾಂಚ್ ರಿಕಿ ಎಂಬಾತ 1920ರ ದಶಕದಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡಕ್ಕಾಗಿ ಬೆಳೆಸಿದ ಪದ್ಧತಿ ಇದು. ಮೈನರ್ ಲೀಗ್ ತಂಡವೆಂದರೆ ಸಸಿಮಡಿ. ಸಸಿ ಚೆನ್ನಾಗಿ ಎದ್ದಿತು ಎನ್ನುವಷ್ಟರಲ್ಲಿ ಅದನ್ನು ಕಿತ್ತು ಬೇರೆ ಗದ್ದೆಯಲ್ಲಿ ನಾಟಿ ಮಾಡುತ್ತಾರೆ. ಆಟಗಾರನ ಸಂಬಳ ಕೊಡುವುದು ಮೇಲಿನ ತಂಡ. ಯಾರು ಎಲ್ಲಿ ಆಡಬೇಕು, ಯಾವ ಪಿಚರ್ ಎಷ್ಟು ಎಸೆತ ಎಸೆಯಬೇಕು ಎಂದು ತೀರ್ಮಾನಿಸುವುದೂ ಅದೇ. ಚಿಕ್ಕ ಊರಿನ ತಂಡ ಪಟ್ಟಕ್ಕಾಗಿ ಹೋರಾಡುತ್ತಿರುವ ವಾರದಲ್ಲೇ ಅದರ ಅತ್ಯುತ್ತಮ ಬ್ಯಾಟುಗಾರನಿಗೆ ಮೇಲಿನಿಂದ ಕರೆ ಬರಬಹುದು. ಮರುದಿನ ಅವನು ಇರುವುದಿಲ್ಲ. ಊರಿನವರು ಸಿಟ್ಟಾಗುವಂತಿಲ್ಲ, ಏಕೆಂದರೆ ಆ ತಂಡ ಇರುವುದೇ ಅದಕ್ಕಾಗಿ. ಅಲ್ಲಿ ಗೆಲುವು ಎರಡನೆಯ ಮಾತು, ಆಟಗಾರನನ್ನು ತಯಾರು ಮಾಡುವುದು ಮೊದಲ ಮಾತು.

ಸ್ವತಂತ್ರ ತಂಡಕ್ಕೆ ಹೀಗೆ ಮೇಲೊಂದು ದೊಡ್ಡ ಮನೆ ಇಲ್ಲ. ಆಟಗಾರರನ್ನು ತಾನೇ ಹುಡುಕಬೇಕು, ಸಂಬಳ ತಾನೇ ಕೊಡಬೇಕು, ಬಸ್ಸು, ಚೆಂಡು, ಬ್ಯಾಟು, ಊಟ, ವಸತಿ ಎಲ್ಲದರ ಖರ್ಚು ತನ್ನದೇ. ಆದಾಯವೆಂದರೆ ಟಿಕೆಟ್, ಮೈದಾನದೊಳಗೆ ಮಾರುವ ತಿಂಡಿ ಪಾನೀಯ, ಗೋಡೆಯ ಮೇಲಿನ ಜಾಹೀರಾತು. ಊರಿನವರು ಬರದಿದ್ದರೆ ತಂಡ ಮುಳುಗುತ್ತದೆ. ಹಾಗಾಗಿ ಅದು ಊರಿನವರಿಗಾಗಿಯೇ ಆಡಬೇಕು, ಊರಿನವರ ಎದುರಿಗೇ ಗೆಲ್ಲಬೇಕು. ಸ್ವತಂತ್ರ ಬೇಸ್‌ಬಾಲ್ ಎಂದರೆ ಮೇಲೇರಲಾಗದವರು ಆಡುವ ಕೆಳದರ್ಜೆಯ ಆಟ ಎಂದು ಅಮೆರಿಕದಲ್ಲೂ ಅನೇಕರು ತಿಳಿದಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಊರೊಂದು ತನ್ನ ತಂಡದ ಬಗ್ಗೆ ಪೂರ್ತಿ ಹಕ್ಕಿನಿಂದ ‘ನಮ್ಮದು’ ಎನ್ನಬಹುದಾದ ವೃತ್ತಿಪರ ಆಟ ಅಲ್ಲಿ ಉಳಿದಿರುವುದು ಬಹುಮಟ್ಟಿಗೆ ಇಲ್ಲಿಯೇ.

ಫಾರ್ಗೋಗೆ ಸಸಿಮಡಿಯ ಅನುಭವವೂ ಇತ್ತು. 1933ರಿಂದ 1960ರವರೆಗೆ, ಎರಡನೆಯ ಮಹಾಯುದ್ಧದ ವರ್ಷಗಳನ್ನು ಬಿಟ್ಟರೆ, ಅಲ್ಲಿ ಫಾರ್ಗೋ–ಮೂರ್‌ಹೆಡ್ ಟ್ವಿನ್ಸ್ ಎಂಬ ತಂಡ ಹಳೆಯ ನಾರ್ದರ್ನ್ ಲೀಗ್‌ನಲ್ಲಿ ಆಡುತ್ತಿತ್ತು. ಸಣ್ಣ ಲೀಗ್ ಎನ್ನಬೇಡಿ. 1952ರಲ್ಲಿ ಇದೇ ಲೀಗ್‌ನ ಓ ಕ್ಲೇರ್ ತಂಡದಲ್ಲಿ ಮುಂದೆ ಬೇಸ್‌ಬಾಲ್‌ನ ದಂತಕಥೆಯಾದ ಹ್ಯಾಂಕ್ ಆ್ಯರನ್ ಹದಿಹರೆಯದಲ್ಲಿ ಆಡಿದ್ದರು. ಮರುವರ್ಷ, 1953ರಲ್ಲಿ, ಫಾರ್ಗೋದ ತಂಡಕ್ಕೆ ಆ ಊರಿನಲ್ಲೇ ಬೆಳೆದ ಹದಿನೆಂಟರ ಹುಡುಗನೊಬ್ಬ ಬಂದ. ಶ್ಯಾನ್ಲಿ ಶಾಲೆಯಲ್ಲಿ ಓದಿದವನು, ಹೆಸರು ರಾಜರ್ ಮ್ಯಾರಿಸ್. ಅವನನ್ನು ಕೊಂಡಿದ್ದ ಮೇಜರ್ ಲೀಗ್‌ನ ಕ್ಲೀವ್‌ಲ್ಯಾಂಡ್ ಸಂಸ್ಥೆ ದೂರದ ಫ್ಲಾರಿಡಾದಿಂದ ಶುರುಮಾಡು ಎಂದಿತ್ತು. ಆಡುವುದಾದರೆ ಫಾರ್ಗೋದಲ್ಲೇ ಆಡುತ್ತೇನೆ ಎಂದು ಹುಡುಗ ಹಟ ಹಿಡಿದ, ಗೆದ್ದ. ಆ ವರ್ಷ ಲೀಗ್‌ನ ಅತ್ಯುತ್ತಮ ಹೊಸ ಆಟಗಾರನೆನಿಸಿದ. ಎಂಟು ವರ್ಷಗಳ ನಂತರ, 1961ರಲ್ಲಿ, ಯಾಂಕೀಸ್ ಪರವಾಗಿ ಒಂದೇ ಋತುವಿನಲ್ಲಿ 61 ಹೋಮ್ ರನ್ ಹೊಡೆದು, 1927ರಿಂದ ಅಲುಗಾಡದೆ ನಿಂತಿದ್ದ ಬೇಬ್ ರೂತ್ ಅವರ 60ರ ದಾಖಲೆಯನ್ನು ಮುರಿದ. ಹೋಮ್ ರನ್ ಎಂದರೆ ನಮ್ಮ ಸಿಕ್ಸರ್‌ಗೆ ಹತ್ತಿರದ್ದು, ಆದರೆ ಬಹಳ ಅಪರೂಪದ್ದು. ಇಡೀ ಋತುವಿನಲ್ಲಿ 30 ಹೊಡೆದರೂ ದೊಡ್ಡ ಮಾತು.

ರೂತ್ ಅವರ ಭಕ್ತರು, ಪತ್ರಿಕೆಯವರು ಮ್ಯಾರಿಸ್‌ಗೆ ಆ ವರ್ಷ ಕೊಟ್ಟ ಹಿಂಸೆ ಸಣ್ಣದಲ್ಲ. 1985ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರನ್ನು ಮಣ್ಣು ಮಾಡಿದ್ದು ಫಾರ್ಗೋದಲ್ಲಿ. ಅವರ ಹೆಸರಿನ ವಸ್ತುಸಂಗ್ರಹಾಲಯ ಇರುವುದೂ ಅಲ್ಲಿಯೇ, ವೆಸ್ಟ್ ಏಕರ್ಸ್ ಎಂಬ ಮಾಲ್‌ನ ಒಳಗೆ. ಅಂಗಡಿಗಳ ನಡುವಿನ ಓಣಿಯಲ್ಲಿ ಗಾಜಿನ ಹಿಂದೆ ಬ್ಯಾಟು, ಟ್ರೋಫಿ, ಅಂಗಿ. ಪ್ರವೇಶ ಶುಲ್ಕವಿಲ್ಲ. ಸಾಮಾನು ಕೊಳ್ಳಲು ಬಂದವರು ನಿಂತು ನೋಡಿ ಮುಂದೆ ಹೋಗುತ್ತಾರೆ. ದೊಡ್ಡ ಆಟಗಾರನನ್ನು ನೆನೆಯಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ ಎಂದು ನನಗೆ ಅನಿಸುತ್ತದೆ.

1949ರಲ್ಲಿ ಅಮೆರಿಕದಲ್ಲಿ 59 ಮೈನರ್ ಲೀಗ್‌ಗಳಿದ್ದವು, ಒಂದು ವರ್ಷದಲ್ಲಿ ಸುಮಾರು 4 ಕೋಟಿ ಮಂದಿ ಟಿಕೆಟ್ ಕೊಂಡು ಆಟ ನೋಡಿದ್ದರು. ಆಮೇಲೆ ಟೆಲಿವಿಷನ್ ಬಂತು. ದೊಡ್ಡ ತಂಡಗಳ ಆಟ ಮನೆಯ ಹಜಾರಕ್ಕೇ ಬಂದಾಗ ಸಣ್ಣ ಊರಿನ ಮೈದಾನಗಳು ಬರಿದಾದವು. ಫಾರ್ಗೋದ ಟ್ವಿನ್ಸ್ 1960ರ ಋತುವಿನೊಂದಿಗೆ ಮುಗಿಯಿತು. 1971ರಲ್ಲಿ ಹಳೆಯ ನಾರ್ದರ್ನ್ ಲೀಗ್ ಕೂಡ ಕಣ್ಣು ಮುಚ್ಚಿತು. ಮೂವತ್ತೈದು ವರ್ಷ ಆ ಎರಡು ಊರುಗಳಲ್ಲಿ ವೃತ್ತಿಪರ ಬೇಸ್‌ಬಾಲ್ ಇರಲಿಲ್ಲ. ಅಜ್ಜಂದಿರು ಮ್ಯಾರಿಸ್ ಕಥೆ ಹೇಳುತ್ತಿದ್ದರು, ಮೊಮ್ಮಕ್ಕಳಿಗೆ ನೋಡಲು ತಂಡವಿರಲಿಲ್ಲ.

1990ರಲ್ಲಿ ಮೇಜರ್ ಲೀಗ್ ಮತ್ತು ಮೈನರ್ ಲೀಗ್‌ಗಳ ನಡುವೆ ಹೊಸ ಒಪ್ಪಂದವಾಯಿತು. ಮೈದಾನದ ದೀಪ, ಆಸನ, ಉಡುಪು ಬದಲಿಸುವ ಕೋಣೆ, ಶೌಚಾಲಯ ಎಲ್ಲವೂ ಇಂಥ ಮಟ್ಟದಲ್ಲೇ ಇರಬೇಕು ಎಂಬ ಷರತ್ತು ಅದರಲ್ಲಿತ್ತು. ಅಷ್ಟು ಹಣ ಸುರಿಯಲಾಗದ ಊರುಗಳು ಆಟದಿಂದಲೇ ಹೊರಬೀಳುವ ಸ್ಥಿತಿ ಬಂತು. ಈ ಬಿರುಕಿನಲ್ಲಿ ಅವಕಾಶ ಕಂಡವರು ಮೈಲ್ಸ್ ವುಲ್ಫ್. ಉತ್ತರ ಕೆರೊಲಿನಾದ ಡರಂ ಬುಲ್ಸ್ ಎಂಬ ಮೈನರ್ ಲೀಗ್ ತಂಡವನ್ನು ಕೆಲವೇ ಸಾವಿರ ಡಾಲರ್‌ಗೆ ಕೊಂಡು ದೇಶವೇ ಗುರುತಿಸುವಂತೆ ಬೆಳೆಸಿ ಮಾರಿದ ಅನುಭವ ಅವರದು. ಯಾರ ಅಪ್ಪಣೆಗೂ ಕಾಯದೆ 1993ರಲ್ಲಿ ಅವರು ನಾರ್ದರ್ನ್ ಲೀಗ್ ಎಂಬ ಹಳೆಯ ಹೆಸರಿಗೆ ಮತ್ತೆ ಜೀವ ಕೊಟ್ಟರು. ಸೇಂಟ್ ಪಾಲ್, ಡುಲುತ್, ಸೂ ಸಿಟಿ, ಸೂ ಫಾಲ್ಸ್, ರಾಚೆಸ್ಟರ್, ಕೆನಡಾದ ಥಂಡರ್ ಬೇ: ಆರು ತಂಡಗಳು. ಒಂದೇ ಋತುವಿನಲ್ಲಿ ಕಂತೆ ಕಟ್ಟುತ್ತದೆ ಎಂದು ನಕ್ಕವರಿದ್ದರು. ಸೇಂಟ್ ಪಾಲ್‌ನಲ್ಲಿ ಮಾತ್ರ ಜನ ಮುಗಿಬಿದ್ದರು. ಮುಂದೆ 1997ರಲ್ಲಿ ಐಲಾ ಬಾರ್ಡರ್ಸ್ ಎಂಬ ಯುವತಿ ಪುರುಷರ ಎದುರು ಪಿಚರ್ ಆಗಿ ಚೆಂಡೆಸೆದದ್ದು, 1998ರಲ್ಲಿ ಡುಲುತ್ ಪರವಾಗಿ ಸೂ ಫಾಲ್ಸ್ ವಿರುದ್ಧ ಪಂದ್ಯವೊಂದನ್ನೇ ಗೆದ್ದುಕೊಟ್ಟದ್ದು ಇದೇ ಲೀಗ್‌ನಲ್ಲಿ. ದೊಡ್ಡ ಮನೆಗಳ ಒಪ್ಪಿಗೆ ಕೇಳಬೇಕಿದ್ದರೆ ಆಕೆಗೆ ಆ ದಿನ ಬರುತ್ತಿತ್ತೆಂದು ನಾನು ನಂಬುವುದಿಲ್ಲ.

1996ರಲ್ಲಿ ಲೀಗ್ ಎರಡು ಹೊಸ ತಂಡಗಳನ್ನು ಸೇರಿಸಿಕೊಂಡಿತು: ವಿಸ್ಕಾನ್ಸಿನ್‌ನ ಮ್ಯಾಡಿಸನ್ ಮತ್ತು ನಮ್ಮ ಫಾರ್ಗೋ–ಮೂರ್‌ಹೆಡ್. ನಾರ್ತ್ ಡಕೋಟಾ ಸ್ಟೇಟ್ ವಿಶ್ವವಿದ್ಯಾಲಯದ ಆವರಣದಲ್ಲಿ ಸುಮಾರು ನಾಲ್ಕೂವರೆ ಸಾವಿರ ಆಸನಗಳ ನ್ಯೂಮನ್ ಔಟ್‌ಡೋರ್ ಫೀಲ್ಡ್ ಎದ್ದಿತು. ವಿಶ್ವವಿದ್ಯಾಲಯದ ತಂಡವೂ ರೆಡ್‌ಹಾಕ್ಸ್ ತಂಡವೂ ಅಲ್ಲಿಯೇ ಆಡುತ್ತವೆ.

ಈ ಮೈದಾನದ ಅಳತೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕ್ರಿಕೆಟ್‌ನ ಹಾಗೆಯೇ ಬೇಸ್‌ಬಾಲ್ ಮೈದಾನಗಳ ಗಾತ್ರವೂ ಒಂದೊಂದು ಕಡೆ ಒಂದೊಂದು ರೀತಿ. ನ್ಯೂಮನ್ ಫೀಲ್ಡ್‌ನಲ್ಲಿ ಬ್ಯಾಟುಗಾರ ನಿಲ್ಲುವ ಜಾಗದಿಂದ ಎಡ ಮೂಲೆಯ ಬೇಲಿಗೆ 318 ಅಡಿ, ನೇರ ಎದುರಿಗೆ 408 ಅಡಿ, ಬಲ ಮೂಲೆಗೆ 314 ಅಡಿ. ಆಗಿನ ಯಾಂಕೀ ಸ್ಟೇಡಿಯಂನ ಅಳತೆಯೂ ಇದೇ. ಮ್ಯಾರಿಸ್ ನೆನಪಿಗೆಂದು ಹಾಗೆ ಕಟ್ಟಿದರು. ಮ್ಯಾರಿಸ್ ಎಡಗೈ ಬ್ಯಾಟುಗಾರ, ಅವರ ಹೊಡೆತಗಳು ಹೆಚ್ಚಾಗಿ ಹೋಗುತ್ತಿದ್ದುದು ಬಲಗಡೆಯ ಬೇಲಿಯತ್ತ. ಅವರ ಕಾಲದಲ್ಲಿ ಯಾಂಕೀ ಸ್ಟೇಡಿಯಂನ ಬಲ ಮೂಲೆ ಇನ್ನೂ ಹತ್ತಿರ, 296 ಅಡಿ ಮಾತ್ರ ಇತ್ತು. ಅದೇನೇ ಇರಲಿ, ಹೋಮ್ ರನ್ ರಾಜನೊಬ್ಬನಿಗೆ ಅವನ ಊರು ಅಡಿಗಳ ಲೆಕ್ಕದಲ್ಲೇ ಸ್ಮಾರಕ ಕಟ್ಟಿದ್ದು ನನಗೆ ಬಹಳ ಹಿಡಿಸಿದೆ.

ಮ್ಯಾನೇಜರ್ ಆಗಿ ಬಂದವರು ಡಗ್ ಸಿಮ್ಯುನಿಕ್. ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಎಂದರೆ ಮೈದಾನದಲ್ಲಿ ತಂಡವನ್ನು ನಡೆಸುವ ಮುಖ್ಯ ತರಬೇತುದಾರ. ಅವರು 1994ರಲ್ಲಿ ಕೆನಡಾದ ವಿನ್ನಿಪೆಗ್ ತಂಡಕ್ಕೆ ಇದೇ ಲೀಗ್‌ನ ಪಟ್ಟ ಗೆದ್ದುಕೊಟ್ಟಿದ್ದರು. ಫಾರ್ಗೋದಲ್ಲಿ 1996ರಿಂದ 2017ರವರೆಗೆ, 22 ಋತುಗಳ ಕಾಲ ಉಳಿದರು, ಸಾವಿರಕ್ಕೂ ಹೆಚ್ಚು ಪಂದ್ಯ ಗೆದ್ದರು. ಸ್ವತಂತ್ರ ಲೀಗ್‌ನಲ್ಲಿ ಮ್ಯಾನೇಜರ್ ಕೆಲಸ ಮೈದಾನಕ್ಕಿಂತ ಹೆಚ್ಚಾಗಿ ದೂರವಾಣಿಯಲ್ಲಿ. ಯಾವ ದೊಡ್ಡ ಸಂಸ್ಥೆ ಯಾರನ್ನು ಕೈಬಿಟ್ಟಿದೆ, ಯಾರ ಮೊಣಕೈ ಶಸ್ತ್ರಚಿಕಿತ್ಸೆ ಗುಣವಾಗಿದೆ, ಯಾರಿಗೆ ಇನ್ನೊಂದು ವರ್ಷ ಆಡುವ ಹಸಿವಿದೆ ಎಂದು ಚಳಿಗಾಲವಿಡೀ ವಿಚಾರಿಸುತ್ತಲೇ ಇರಬೇಕು. ಹಿರಿಯ ಆಟಗಾರರು ಇಷ್ಟಕ್ಕಿಂತ ಹೆಚ್ಚಿರಬಾರದು, ಹೊಸಬರು ಇಷ್ಟಕ್ಕಿಂತ ಕಡಿಮೆ ಇರಬಾರದು ಎಂಬ ನಿಯಮ ಬೇರೆ. ಸಂಬಳಕ್ಕೂ ಮಿತಿ. ಈ ಲೆಕ್ಕವನ್ನು ಸಿಮ್ಯುನಿಕ್‌ರಷ್ಟು ಚೆನ್ನಾಗಿ ಬಲ್ಲವರು ಕಡಿಮೆ.

ಮೊದಲ ವರ್ಷವೇ ಅವರು ಡ್ಯಾರಿಲ್ ಮೋಟ್ಲಿಯನ್ನು ಕರೆತಂದರು. ಮೇಜರ್ ಲೀಗ್ ಪಟ್ಟಕ್ಕಾಗಿ ನಡೆಯುವ ಅಂತಿಮ ಹಣಾಹಣಿಯಾದ ವಿಶ್ವ ಸರಣಿಯ 1985ರ ಏಳನೆಯ ಪಂದ್ಯದಲ್ಲಿ ಕ್ಯಾನ್ಸಸ್ ಸಿಟಿ ಪರವಾಗಿ ಹೋಮ್ ರನ್ ಹೊಡೆದಿದ್ದ, ಕೊನೆಯ ಕ್ಯಾಚ್ ಹಿಡಿದಿದ್ದ ಆಟಗಾರ ಮೋಟ್ಲಿ. ಅಂಥವರು ಮೂವತ್ತಾರರ ವಯಸ್ಸಿನಲ್ಲಿ ಫಾರ್ಗೋದ ಬಸ್ಸು ಹತ್ತಿದರು. ವಿನ್ನಿಪೆಗ್‌ಗೆ ಸುಮಾರು 350 ಕಿಲೋಮೀಟರ್, ಅದು ಹತ್ತಿರದ ಪ್ರಯಾಣ. ರಾತ್ರಿ ಪಂದ್ಯ ಮುಗಿಸಿ ಹೊರಟರೆ ಬೆಳಗಿನ ಜಾವಕ್ಕೆ ಇನ್ನೊಂದು ಊರು. ಹೊಸ ಹುಡುಗರು ಊರಿನ ಕುಟುಂಬಗಳ ಮನೆಗಳಲ್ಲೇ ಬೇಸಿಗೆ ಕಳೆಯುವುದು ಇಂಥ ತಂಡಗಳಲ್ಲಿ ರೂಢಿ. ಸಂಬಳ ಬಾಡಿಗೆಗೆ ಸಾಲದು. ಆ ಮನೆಯ ಮಕ್ಕಳಿಗೆ ಆಟಗಾರ ಟಿವಿಯಲ್ಲಿ ಕಾಣುವ ದೇವರಲ್ಲ, ಬೆಳಗ್ಗೆ ತಮ್ಮೊಡನೆ ತಿಂಡಿ ತಿನ್ನುವ ಅಣ್ಣ.

ಮೂರನೆಯ ಋತುವಿನಲ್ಲಿ, 1998ರಲ್ಲಿ, ಮೊದಲ ಪಟ್ಟ ಬಂತು. ನಂತರ 2003, 2006, 2009, 2010.

ಈಗ ಕ್ರಿಸ್ ಕೋಸ್ಟ್ ವಿಷಯಕ್ಕೆ ಬರುತ್ತೇನೆ. ನಿಜ ಹೇಳಬೇಕೆಂದರೆ ಈ ಉಪನ್ಯಾಸಕ್ಕೆ ನಾನು ಒಪ್ಪಿಕೊಂಡದ್ದೇ ಈ ಮನುಷ್ಯನ ಬಗ್ಗೆ ಹೇಳಲೆಂದು.

1973ರಲ್ಲಿ ಫಾರ್ಗೋದಲ್ಲಿ ಹುಟ್ಟಿದ ಹುಡುಗ, ನದಿಯಾಚೆ ಮೂರ್‌ಹೆಡ್‌ನ ಕಾಂಕಾರ್ಡಿಯಾ ಕಾಲೇಜಿನಲ್ಲಿ ಓದಿದ. ಸಣ್ಣ ಕಾಲೇಜು, ದೊಡ್ಡ ತಂಡಗಳ ಕಣ್ಣು ಅತ್ತ ಹೊರಳುವುದು ಅಪರೂಪ. ಪ್ರತಿ ವರ್ಷ ಮೇಜರ್ ಲೀಗ್ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ ಅವನ ಹೆಸರನ್ನು ಯಾರೂ ಕೂಗಲಿಲ್ಲ. ಊರಿನಲ್ಲಿ ರೆಡ್‌ಹಾಕ್ಸ್ ಹುಟ್ಟಿದಾಗ ಅದನ್ನು ಸೇರಿದ. 1996ರಿಂದ 1999ರವರೆಗೆ ನಾಲ್ಕು ಋತು ಅಲ್ಲಿಯೇ ಆಡಿದ. ಅವನ ಮುಖ್ಯ ಸ್ಥಾನ ಕ್ಯಾಚರ್. ನಮ್ಮ ವಿಕೆಟ್ ಕೀಪರ್‌ನಂತೆ ಬ್ಯಾಟುಗಾರನ ಹಿಂದೆ ಇರುವವನು, ಆದರೆ ಪಂದ್ಯವಿಡೀ ಕುಕ್ಕರುಗಾಲಿನಲ್ಲಿ ಕುಳಿತು ಗಂಟೆಗೆ 140–150 ಕಿಲೋಮೀಟರ್ ವೇಗದ ಚೆಂಡು ಹಿಡಿಯುತ್ತಾ ಮುಂದಿನ ಎಸೆತ ಯಾವುದೆಂದು ಬೆರಳಿನಲ್ಲಿ ಸನ್ನೆ ಮಾಡುವವನು.

1999ರ ನಂತರ ಕ್ಲೀವ್‌ಲ್ಯಾಂಡ್ ಸಂಸ್ಥೆ ಅವನನ್ನು ಕೊಂಡಿತು. ಅಲ್ಲಿಂದ ಶುರುವಾದದ್ದು ಇನ್ನೊಂದು ಬಗೆಯ ವನವಾಸ. ಕ್ಲೀವ್‌ಲ್ಯಾಂಡ್, ಬಾಸ್ಟನ್, ಮಿಲ್ವಾಕಿ, ಫಿಲಡೆಲ್ಫಿಯಾ, ಹೀಗೆ ಒಂದಾದ ಮೇಲೊಂದು ಸಂಸ್ಥೆಯ ಕೆಳಗಿನ ತಂಡಗಳಲ್ಲಿ ವರ್ಷಗಟ್ಟಲೆ ಆಡಿದ. ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಬಾಕಿ. 2006ರ ವಸಂತದ ಅಭ್ಯಾಸ ಪಂದ್ಯಗಳಲ್ಲಿ ಅವನ ಬ್ಯಾಟಿಂಗ್ ಸರಾಸರಿ .463. ಅಂದರೆ ಹತ್ತು ಸಲ ಬ್ಯಾಟ್ ಹಿಡಿದರೆ ನಾಲ್ಕೂವರೆಗಿಂತ ಹೆಚ್ಚು ಸಲ ಯಶಸ್ಸು. ಹತ್ತಕ್ಕೆ ಮೂರು ಬಂದರೂ ತಾರೆ ಎನಿಸುವ ಆಟವಿದು. ಆದರೂ ಕೊನೆಯ ಗಳಿಗೆಯಲ್ಲಿ ಫಿಲಡೆಲ್ಫಿಯಾ ತಂಡ ಬೇರೊಬ್ಬನನ್ನು ಕೊಂಡಿತು, ಕೋಸ್ಟ್ ಮತ್ತೆ ಕೆಳಗಿನ ತಂಡಕ್ಕೆ. ಮೇ ತಿಂಗಳಲ್ಲಿ ಫಿಲಡೆಲ್ಫಿಯಾದ ಕ್ಯಾಚರ್ ಮೈಕ್ ಲೀಬರ್ಥಾಲ್ ಗಾಯಗೊಂಡಾಗ ಕೊನೆಗೂ ಕರೆ ಬಂತು. ಆಗ ಅವನಿಗೆ 33 ವರ್ಷ. ಆ ವಯಸ್ಸಿನಲ್ಲಿ ಕ್ಯಾಚರ್‌ಗಳ ಮೊಣಕಾಲು ಸವೆದು, ನಿವೃತ್ತಿಯ ಮಾತು ಶುರುವಾಗಿರುತ್ತದೆ. ಮೊದಲ ಕೆಲವು ಪಂದ್ಯಗಳಲ್ಲಿ ಒಂದು ಹಿಟ್, ಅಂದರೆ ಯಶಸ್ವಿ ಹೊಡೆತ, ಕೂಡ ಬರಲಿಲ್ಲ. ಋತು ಮುಗಿಯುವ ಹೊತ್ತಿಗೆ ಸರಾಸರಿ .328.

2008ರ ಆಗಸ್ಟ್ 26ರ ರಾತ್ರಿಯನ್ನು ಕೋಸ್ಟ್ ಅಭಿಮಾನಿಗಳು ಮರೆಯುವುದಿಲ್ಲ. ಎದುರಾಳಿ ನ್ಯೂಯಾರ್ಕ್ ಮೆಟ್ಸ್. ಫಿಲಡೆಲ್ಫಿಯಾ 0–7ರಿಂದ ಹಿಂದಿತ್ತು. ಒಂದೊಂದೇ ರನ್ ಕೂಡಿಸಿ, ಸಾಮಾನ್ಯವಾಗಿ ಕೊನೆಯದಾಗುವ ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ ಸಮ ಮಾಡಿಕೊಂಡಿತು. ಎಂಟನೆಯ ಇನ್ನಿಂಗ್ಸ್‌ನಲ್ಲಷ್ಟೇ ಆಟಕ್ಕೆ ಇಳಿದಿದ್ದ ಕೋಸ್ಟ್ ನಾಲ್ಕು ಹಿಟ್ ಗಳಿಸಿದ. ನಾಲ್ಕನೆಯದು ಹದಿಮೂರನೆಯ ಇನ್ನಿಂಗ್ಸ್‌ನಲ್ಲಿ, ಪಂದ್ಯವನ್ನೇ ಮುಗಿಸಿದ ಹೊಡೆತ. 8–7. ಆ ವರ್ಷ ಫಿಲಡೆಲ್ಫಿಯಾ ವಿಶ್ವ ಸರಣಿಯನ್ನೂ ಗೆದ್ದಿತು. ಫಾರ್ಗೋದ ಹುಡುಗನ ಬೆರಳಿಗೆ ವಿಜೇತರ ಉಂಗುರ ಬಂತು. ಊರಿನ ತಂಡ ಇಲ್ಲದಿದ್ದರೆ ಕೋಸ್ಟ್ 1996ರಲ್ಲೇ ಬ್ಯಾಟು ಮೂಲೆಗಿಟ್ಟು ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದನೇನೋ. ನಾಲ್ಕು ಬೇಸಿಗೆ ಅವನನ್ನು ಆಟದಲ್ಲಿ ಉಳಿಸಿದ್ದು ಆ ನಾಲ್ಕೂವರೆ ಸಾವಿರ ಆಸನಗಳಲ್ಲಿ ಕುಳಿತವರು.

ಎಲ್ಲವೂ ಚೆನ್ನಾಗಿಯೇ ಇತ್ತು ಎಂದು ಹೇಳಲಾರೆ. ಸ್ವಾತಂತ್ರ್ಯಕ್ಕೆ ಬೆಲೆ ಇದೆ. ಥಂಡರ್ ಬೇ ತಂಡ 1998ರ ನಂತರ ಊರು ಬಿಟ್ಟಿತು. ಫಾರ್ಗೋ ಜೊತೆಗೇ ಬಂದ ಮ್ಯಾಡಿಸನ್ ತಂಡ 2000ದ ನಂತರ ನೆಬ್ರಾಸ್ಕಾಕ್ಕೆ ಹೋಯಿತು, ಡುಲುತ್ ತಂಡ 2002ರ ನಂತರ ಕ್ಯಾನ್ಸಸ್ ಸಿಟಿಗೆ. 2005ರ ಋತು ಮುಗಿದ ಮೇಲೆ ಸೇಂಟ್ ಪಾಲ್ ಸೇರಿದಂತೆ ನಾಲ್ಕು ತಂಡಗಳು ಲೀಗ್ ತೊರೆದು ಅಮೆರಿಕನ್ ಅಸೋಸಿಯೇಷನ್ ಎಂಬ ಹೊಸ ಲೀಗ್ ಕಟ್ಟಲು ಹೊರಟವು. ಫಾರ್ಗೋ ಹಳೆಯ ಮನೆಯಲ್ಲೇ ಉಳಿಯಿತು. 2009ರ ಮಾರ್ಚ್‌ನಲ್ಲಿ ರೆಡ್ ನದಿ 40 ಅಡಿ ದಾಟಿ ಏರಿ ದಾಖಲೆ ಬರೆಯಿತು. ಮೈದಾನದ ಪಕ್ಕದ ಫಾರ್ಗೋಡೋಮ್ ಒಳಾಂಗಣದಲ್ಲಿ ಊರಿನವರು ಹಗಲು ರಾತ್ರಿ ಮರಳು ಚೀಲ ತುಂಬಿದರು, ಊರು ಉಳಿಯಿತು. ಅದೇ ವರ್ಷ ರೆಡ್‌ಹಾಕ್ಸ್ ಪಟ್ಟ ಗೆದ್ದಿತು, ಮರುವರ್ಷವೂ ಗೆದ್ದಿತು. ಆ ಗೆಲುವಿನೊಂದಿಗೆ ನಾರ್ದರ್ನ್ ಲೀಗ್ ಮುಗಿದೇ ಹೋಯಿತು. ಅದರ ಕೊನೆಯ ಚಾಂಪಿಯನ್ ಫಾರ್ಗೋ. 2011ರಿಂದ ತಂಡ ಆಡುತ್ತಿರುವುದು ಅಮೆರಿಕನ್ ಅಸೋಸಿಯೇಷನ್‌ನಲ್ಲಿ.

ಕೋವಿಡ್ ವರ್ಷ ಈ ಎರಡು ಪದ್ಧತಿಗಳ ವ್ಯತ್ಯಾಸವನ್ನು ಬಯಲಿಗೆ ತಂದಿತು. 2020ರ ಜೂನ್ ಕೊನೆಯಲ್ಲಿ ದೊಡ್ಡ ಮನೆಗಳಿಗೆ ಸೇರಿದ ಮೈನರ್ ಲೀಗ್ ಋತುವನ್ನು ಪೂರ್ತಿ ರದ್ದು ಮಾಡಿದರು. ಮೇಲಿನಿಂದ ಆಟಗಾರರನ್ನು ಕಳಿಸದಿದ್ದರೆ ಆ ತಂಡಗಳಿಗೆ ಆಡಲು ಜನರೇ ಇಲ್ಲ. ಅಮೆರಿಕನ್ ಅಸೋಸಿಯೇಷನ್ ಮಾತ್ರ ಜುಲೈ ಮೊದಲ ವಾರದಲ್ಲಿ ಆಟ ಶುರುಮಾಡಿತು. ಆರು ತಂಡ, ತಲಾ 60 ಪಂದ್ಯ, ಮೊದಲಿಗೆ ಮೂರೇ ಊರುಗಳ ಮೈದಾನ: ಫಾರ್ಗೋ, ಸೂ ಫಾಲ್ಸ್, ಮಿಲ್ವಾಕಿ. ಕೆನಡಾದ ಗಡಿ ಮುಚ್ಚಿದ್ದರಿಂದ ವಿನ್ನಿಪೆಗ್ ತಂಡ ಫಾರ್ಗೋವನ್ನೇ ತವರು ಮಾಡಿಕೊಂಡಿತು. ಮರುವರ್ಷ ಮೇಜರ್ ಲೀಗ್ ತನ್ನ ಕೆಳಗಿನ ತಂಡಗಳನ್ನು 120ಕ್ಕೆ ಇಳಿಸಿತು, ಎಷ್ಟೋ ಊರುಗಳು ಒಂದೇ ಏಟಿಗೆ ತಂಡ ಕಳೆದುಕೊಂಡವು. ಸ್ವತಂತ್ರ ಬೇಸ್‌ಬಾಲ್‌ನ ಹೆಮ್ಮೆಯಾಗಿದ್ದ ಸೇಂಟ್ ಪಾಲ್ ಅದೇ ವೇಳೆಗೆ ಮಿನೆಸೋಟಾ ಟ್ವಿನ್ಸ್‌ನ ಕೆಳಗಿನ ತಂಡವಾಗಲು ಒಪ್ಪಿತು. ಅವರ ಲೆಕ್ಕಾಚಾರ ನನಗೆ ಅರ್ಥವಾಗುತ್ತದೆ, ದುಃಖವೂ ಆಗುತ್ತದೆ.

2021ರ ಋತುವಿಗೆ ಫಾರ್ಗೋ ತನ್ನ ಹೊಸ ಮ್ಯಾನೇಜರ್‌ನನ್ನು ಆರಿಸಿತು. ಮೇಜರ್ ಲೀಗ್ ಬಿಟ್ಟ ಮೇಲೆ ತಾನು ಓದಿದ ಕಾಂಕಾರ್ಡಿಯಾ ಕಾಲೇಜಿನಲ್ಲೇ ತರಬೇತುದಾರನಾಗಿದ್ದ ಕ್ರಿಸ್ ಕೋಸ್ಟ್. ಎರಡನೆಯ ಋತುವಿನಲ್ಲೇ, 2022ರ ಸೆಪ್ಟೆಂಬರ್‌ನಲ್ಲಿ, ಐದು ಪಂದ್ಯಗಳವರೆಗೆ ಎಳೆದ ಫೈನಲ್‌ನಲ್ಲಿ ಮಿಲ್ವಾಕಿಯ ಮಿಲ್ಕ್‌ಮೆನ್ ತಂಡವನ್ನು ಸೋಲಿಸಿ ಹನ್ನೆರಡು ವರ್ಷಗಳ ನಂತರ ಪಟ್ಟವನ್ನು ಮತ್ತೆ ಊರಿಗೆ ತಂದರು.

ಆ ಗೆಲುವು ಇನ್ನೊಂದು ಬಾಗಿಲು ತೆರೆಯಿತು. ವಿಶ್ವ ಬೇಸ್‌ಬಾಲ್ ಸಂಸ್ಥೆ 2023ರಲ್ಲಿ ಅಮೆರಿಕ ಖಂಡಗಳ ಕ್ಲಬ್ ಚಾಂಪಿಯನ್ನರಿಗಾಗಿ ಮೊದಲ ಬಾರಿಗೆ ಪಂದ್ಯಾವಳಿ ನಡೆಸಿತು, ಮೆಕ್ಸಿಕೋದ ಮೆರಿಡಾ ನಗರದಲ್ಲಿ. ಮೆಕ್ಸಿಕೋ, ಕ್ಯೂಬಾ, ಕೊಲಂಬಿಯಾಗಳಿಂದ ಒಂದೊಂದು ತಂಡ ಬಂದಿತ್ತು. ಅಮೆರಿಕ ಸಂಯುಕ್ತ ಸಂಸ್ಥಾನದ ಪರವಾಗಿ ಆಡಿದ್ದು ಫಾರ್ಗೋ–ಮೂರ್‌ಹೆಡ್ ರೆಡ್‌ಹಾಕ್ಸ್, ಕಪ್ ಗೆದ್ದದ್ದೂ ಅದೇ.